ನೇಕಾರರ ಎಡಗಾಲಿಗೆ ಪಾಠ ಹೇಳಿದ್ದು

ತುಳಸಿಗೇರಿ ಹನಮಪ್ಪನ ಆಣೆ ಮಾಡಿ ಹೇಳುತ್ತೇನೆ, ಇಲ್ಲಿ ಬರೆದ ಒಂದೊಂದು ಅಕ್ಷರವೂ ಖರೆ. ಸುಳ್ಳು ಕಟ್ಟುವ ಗರಜು ನನಗಿಲ್ಲ. ಇಂಥ ಸಂಗತಿಗಳು ದಿನಾ ಮುಂಜಾನೆ ನನಗಿಂತ ಮೊದಲೇ ಎದ್ದು, ಮುಖ ತೊಳೆದುಕೊಂಡು, ನಮ್ಮ ಮನಿ ಬಾಗಿಲಲ್ಲಿ ಬಂದು ನಿಂತಿರುತ್ತವೆ.

ಮೂವತ್ತಾರು ವರ್ಷ ಒಂದನೇ ಇಯತ್ತೆಗೆ ಪಾಠ ಹೇಳಿದವ ನಾನು. ಇಂಥ ಮಾಸ್ತರ ಹುನಗುಂದ ತಾಲೂಕಿನಲ್ಲಿ ಇನ್ನೊಬ್ಬ ಇದ್ದನಂತೆ. ವಿಚಾರಿಸಿ ನೋಡಿದರೆ ಅವನೂ ನಾನೇ, ಮರೋಳಕ್ಕೆ ವರ್ಗವಾಗಿದ್ದಾಗಿನ ನಾನು. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲಿನ ಮುಂದೆ ನಿಂತು ಎರಡರ ಮಗ್ಗಿ ಹೇಳಿಕೊಟ್ಟರೆ, ಮೂರರದ್ದನ್ನು ಅದು ತಾನೇ ಹೇಳುತ್ತಿತ್ತು. ಹಾಗಾಗಿ ನಿವೃತ್ತಿಯಾದ ಮೇಲೆ ಅಳಿಯ ಬಂದು, "ಮಾವಾರ, ನನ್ನ ಡ್ರೈವಿಂಗ್ ಸ್ಕೂಲಿಗೆ ಮುಂಜಾನಿ ಹೊತ್ತು ಒಬ್ಬರು ಬೇಕಾಗ್ಯಾರ. ಬಾಜೂಕ ಕುಂತು ಬ್ರೇಕ್ ಹಿಡೀರಿ ಸಾಕು, ಪಾಠ ಹೇಳಬ್ಯಾಡ್ರಿ" ಅಂದಾಗ ಮೊದಲಿನ ಅರ್ಧ ಮಾತಷ್ಟೇ ನನ್ನ ಕಿವಿಗೆ ಬಿತ್ತು.

ಮುಂಜಾನೆಯ ತಂಡದಲ್ಲಿ ಮೂವರಿದ್ದರು. ಒಬ್ಬರು ನಿವೃತ್ತ ಅಧಿಕಾರಿ, ಎಲ್ಲರಿಗೂ ಸಾಹೇಬರು. ಒಬ್ಬಾಕೆ ಕೈಗೆ ಬಳಿ ಇಡಿಸುವ ಅಂಗಡಿಯ ಚಾಚಿ. ಇಳಕಲ್ಲಿನ ಅರ್ಧ ಊರಿನ ಕೈಯಳತೆ ಆಕೆಗೆ ಬಾಯಿಪಾಠ. ಮೂರನೆಯವರು ಸೀರಿ ನೇಯುವ ನೇಕಾರರು, ಐವತ್ತೆರಡರ ಪ್ರಾಯ. ಎಲ್ಲರಿಗಿಂತ ಅವಸರ ಇದ್ದದ್ದು ಈ ಮೂರನೆಯವರಿಗೆ. ಯಾಕೆಂದರೆ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲ ಕಾರ್ಯದ ದಿನ ಬಾದಾಮಿ ಬೀಗರ ಮುಂದೆ, ಹೋಳಿಗಿ ಉಂಡ ಹುಮ್ಮಸ್ಸಿನಲ್ಲಿ ಇವರು ಹೇಳಿಬಿಟ್ಟಿದ್ದರು: "ಐದು ತಿಂಗಳು ತುಂಬಿದ ಕೂಡ್ಲೆ ಮಗಳ್ನ, ಮೊಮ್ಮಗಳ್ನ ನಾನ ಗಾಡಿ ಹೊಡಕೊಂಡು ತಂದು ಬಿಡ್ತೇನಿ."

ಬೀಗರು ಮೂವತ್ತು ವರ್ಷದಿಂದ ಕಾರು ಓಡಿಸಿದವರು, ಹೊಟ್ಟೆಯ ನೀರು ಅಲುಗದಂತೆ ಓಡಿಸುವವರು. ಅವರು ಮೀಸಿಯೊಳಗೇ ನಕ್ಕು, "ಬರ್ರಿ ಬೀಗರ. ಆವತ್ತ ಓಣ್ಯಾಗಿನ ಹುಡುಗರ್ನೆಲ್ಲಾ ಒಳಗ ಕೂಡಸ್ತೇನಿ" ಅಂದಿದ್ದರು. ಬೀಗರ ಮುಂದೆ ಆಡಿದ ಮಾತು! ಪಾರಾಗಲು ಇದ್ದದ್ದು ಎರಡೂವರೆ ತಿಂಗಳು.

೧. ಹತ್ತು ಸಲ ಬರಕೊಂಡು ಬರ್ರಿ

ಮೊದಲ ದಿನ ಮೂವರನ್ನೂ ಗಾಡಿಯ ಮುಂದೆ ಸಾಲಾಗಿ ನಿಲ್ಲಿಸಿದೆ. ನಾನು ಹೇಳುವುದು, ಅವರು ತಿರುಗಿ ಹೇಳುವುದು: "ಬಲಕ್ಕೆ ಎಕ್ಸಲೇಟರ್, ನಡುವೆ ಬ್ರೇಕ್, ಎಡಕ್ಕೆ ಕ್ಲಚ್." ನನ್ನ ಒಂದನೇ ಇಯತ್ತೆಯ ಮಕ್ಕಳಾಗಿದ್ದರೆ ಮೂರನೇ ಸಲಕ್ಕೆ ಇದನ್ನು ಹಾಡು ಮಾಡಿ, ಕುಣಿದು, ಮನಿಗೆ ಹೋಗಿ ಅವ್ವನಿಗೂ ಕಲಿಸುತ್ತಿದ್ದವು.

ಇವರು? ಚಾಚಿ ಕೈ ಎತ್ತಿ ಕೇಳಿದಳು, "ಬ್ರೇಕ್ ನಡುವ ಯಾಕ ಮಾಸ್ತರ? ಆ ಕಡೆ ಇದ್ರ ಏನಾಗ್ತಿತ್ತು?" ಸಾಹೇಬರು ಕೇಳಿದರು, "ಇದರ ಬಗ್ಗೆ ಸುತ್ತೋಲೆ ಏನಾರ ಐತೇನ್ರಿ?" ಮೂವತ್ತಾರು ವರ್ಷದಲ್ಲಿ ನನ್ನ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಸರ, ಒಂದಕ್ಕ ಹೋಗ್ಲಿ?" ಅದಕ್ಕೆ ಉತ್ತರ ನನಗೆ ಬರುತ್ತಿತ್ತು.

ಸಿಟ್ಟಿಗೆದ್ದು ಹೋಂವರ್ಕ್ ಕೊಟ್ಟೆ. ಮೂರೂ ಪೆಡಲಿನ ಹೆಸರು ನಾನೇ ಒಂದೊಂದು ಹಾಳೆಯ ಮೇಲೆ ಬರೆದುಕೊಟ್ಟು, "ಇದನ್ನ ಹತ್ತು ಸಲ ಬರಕೊಂಡು ಬರ್ರಿ" ಅಂದೆ.

ಮರುದಿನ ಚಾಚಿ ಬರಿಗೈಲಿ ಬಂದಳು. "ನಾ ಬರ್ಯಾಕ ಬಂದಿಲ್ಲ ಮಾಸ್ತರ, ಹೊಡ್ಯಾಕ ಬಂದೇನಿ."

ನೇಕಾರರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹತ್ತೂ ಸಾಲು ತಂದಿದ್ದರು. "ಭೇಷ್!" ಅಂತ ಬೆನ್ನು ಚಪ್ಪರಿಸಿದೆ. "ಮಗಳು ಬರದ್ಲರಿ" ಅಂದರು. "ಕೂಸಿನ್ನ ಮಲಗಿಸಿ ಖಾಲಿ ಕುಂತಿದ್ಲು."

ಸಾಹೇಬರು ನನ್ನ ಹಾಳೆಯನ್ನೇ ಮಡಚಿ ತಿರುಗಿ ಕೊಟ್ಟರು. ಬಿಚ್ಚಿ ನೋಡಿದೆ. ಕೆಳಗೆ ಸಹಿ, ಸಹಿಯ ಮೇಲೆ ಒಂದು ಸಾಲು: "ನೋಡಿದೆ. ಕಡತದಲ್ಲಿಡಿ."

೨. ಹಿಂದಿನ ಸೀಟು

ಸಾಹೇಬರು ನೌಕರಿ ಇದ್ದಷ್ಟು ದಿನ ಜೀಪಿನಲ್ಲಿ ತಿರುಗಿದವರು, ಹಿಂದೆ ಕೂತು. ಹೀಗಾಗಿ ಅವರ ಕೈ ತಾನೇ ಹೋಗಿ ಹಿಂದಿನ ಬಾಗಿಲು ತೆಗೆಯುತ್ತಿತ್ತು. ಮೊದಲ ಮೂರು ದಿನ ಹಿಂದೆ ಕೂತು, ಗಡಿಯಾರ ನೋಡಿ, "ಹೂಂ, ಬಿಡ್ರಿ ಗಾಡಿ" ಅನ್ನುತ್ತಿದ್ದರು. ನಾಲ್ಕನೇ ದಿನ ಕೈ ಹಿಡಿದು ಸ್ಟೀರಿಂಗ್ ಮುಂದೆ ಕೂಡಿಸಿದೆ.

ಹುನಗುಂದ ರಸ್ತೆಯಲ್ಲಿ ಒಂದು ಎಮ್ಮಿ ಅಡ್ಡ ಬಂತು. ಸ್ಟೀರಿಂಗ್ ಹಿಡಿದುಕೊಂಡೇ ಸಾಹೇಬರು ನನ್ನ ಕಡೆ ತಿರುಗಿ ಗುಡುಗಿದರು: "ಏ ಡ್ರೈವರ್! ಬ್ರೇಕ್ ಹಾಕೋ! ಕಣ್ಣ ಕಾಣಸ್ತಾವೋ ಇಲ್ಲೋ?"

ನನ್ನ ಬದಿಯ ಬ್ರೇಕನ್ನು ತುಳಿದು ಗಾಡಿ ನಿಲ್ಲಿಸಿ, "ತಪ್ಪಾತ್ರಿ ಸಾಹೇಬ್ರ" ಅಂದೆ. ಹಿಂದೆ ಕೂತಿದ್ದ ಚಾಚಿ ಮತ್ತು ನೇಕಾರರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಮಕ್ಕಳದಾದರೆ ಇಂಥ ಚಾಳಿಯನ್ನು ಕಿವಿ ಹಿಂಡಿ ಬಿಡಿಸಬಹುದು. ಇವರ ಕಿವಿಯಲ್ಲಿ ಕೂದಲು ಬೆಳ್ಳಗಾಗಿದ್ದವು. ಅಷ್ಟು ವರ್ಷ ಹುಕುಂ ಮಾಡಿದ ಬಾಯಿ, ಮಾಡಲಿ ಬಿಡು ಅಂದುಕೊಂಡೆ. "ಸಾಹೇಬ್ರ, ನಿಮ್ಮ ಎರಡೂ ಕಾಲು ನಿಮ್ಮ ಕೈಕೆಳಗಿನ ನೌಕರರು. ನನಗ ಬ್ಯಾಡ, ಅವಕ್ಕ ಹುಕುಂ ಮಾಡ್ರಿ."

ಮಂತ್ರ ಹಾಕಿದಂತಾಯಿತು! "ಕ್ಲಚ್, ಹಾಜರಾಗು! ಬ್ರೇಕ್, ಸಾವಕಾಶ!" ಅನ್ನುತ್ತ ವಾರದೊಳಗೆ ಪೇಟೆಯಲ್ಲಿ ಗಾಡಿ ತಿರುಗಿಸಿದರು. ಒಂದು ದಿನ ಮಾತ್ರ ನಡುರಸ್ತೆಯಲ್ಲಿ ಗಾಡಿ ಬಂದ್ ಬಿತ್ತು. ಹಿಂದೆ ಲಾರಿಗಳು ಒದರುತ್ತಿವೆ, ಸಾಹೇಬರು ಕೈ ಕಟ್ಟಿ ಕೂತಿದ್ದಾರೆ. "ಯಾಕ್ರಿ?" ಅಂದೆ.

"ಎಡಗಾಲಿಗೆ ಕಾರಣ ಕೇಳಿ ನೋಟಿಸ್ ಕೊಟ್ಟೇನಿ. ಉತ್ತರ ಬರಲಿ, ಆಮ್ಯಾಲ ಹೋಗೂಣು."

೩. ಬಳಿ ಇಡಿಸುವ ವಿದ್ಯೆ

ಚಾಚಿ ಸ್ಟೀರಿಂಗನ್ನು ಹಾವಿನ ಕುತ್ತಿಗೆ ಹಿಡಿದಂತೆ ಹಿಡಿಯುತ್ತಿದ್ದಳು. "ಸಡ್ಲ ಹಿಡೀರಿ" ಅಂದಷ್ಟೂ ಬಿಗಿ. ಒಂದು ದಿನ ಸಾಲಿ ಮಾಸ್ತರನ ಧ್ವನಿ ತೆಗೆದು "ಸಡ್ಲ!" ಅಂತ ಒದರಿಬಿಟ್ಟೆ. ಆಕೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಚಾವಿ ಕಿತ್ತು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಅರೆ ಮಾಸ್ತರ, ಇಪ್ಪತ್ತೈದು ವರ್ಷದಿಂದ ಬಳಿ ಇಡಸ್ತೇನಿ. ಕೈ ಬಿಗಿ ಹಿಡದಾಕಿಗೆ 'ಸಡ್ಲ ಬಿಡು' ಅಂತ ಒದರಿದ್ರ ಬಳಿ ಒಡೀತಾವ, ಗಿರಾಕಿ ಓಡ್ತಾಳ. ನಾ ಏನ್ ಮಾಡ್ತೇನಿ ಗೊತ್ತೇನು? 'ತವರಮನಿ ಯಾವೂರವ್ವಾ? ಅಲ್ಲಿ ಅತ್ತಿಗಿ ಹೆಂಗದಾಳ?' ಅಂತ ಕೇಳ್ತೇನಿ. ಅತ್ತಿಗಿನ ಬೈಯೂದ್ರಾಗ ಆಕಿಗೆ ಕೈ ಮರ್ತ ಹೋಗ್ತೈತಿ. ಡಜನ್ ಬಳಿ ಒಳಗ ಹೋಗಿರ್ತಾವ."

ಮೂವತ್ತಾರು ವರ್ಷದ ಅನುಭವವನ್ನು ಕಿಸೆಯಲ್ಲಿಟ್ಟುಕೊಂಡು ಕೇಳಿದೆ: "ಹಂಗಾರ ಚಾಚಿ, ನಿಮ್ಮ ಭಾಭಿ ಹೆಂಗದಾರ?"

ಚಾಚಿ ಚಾವಿ ತಿರುಗಿಸಿದಳು. ಇಳಕಲ್ಲಿನಿಂದ ಹುನಗುಂದದ ತನಕ ಒಮ್ಮೆಯೂ ನಿಲ್ಲಲಿಲ್ಲ, ಗಾಡಿಯೂ, ಕತೆಯೂ. ಗೇರು ತಾನೇ ಬೀಳುತ್ತಿತ್ತು. ಕಲಿಯುತ್ತಿದ್ದೇವೆ ಅನ್ನುವುದು ಮರೆತಾಗಲೇ ದೊಡ್ಡವರು ಕಲಿಯುತ್ತಾರೆ ಎಂದು ಆವತ್ತು ಕಂಡುಹಿಡಿದವ ನಾನು. ಚಾಚಿ ಅದನ್ನು ನನಗಿಂತ ಇಪ್ಪತ್ತೈದು ವರ್ಷ ಮೊದಲು ಕಂಡುಹಿಡಿದಿದ್ದಳು, ಆ ಮಾತು ಬೇರೆ.

ಬಾಗಲಕೋಟೆಯಲ್ಲಿ ಲೈಸೆನ್ಸ್ ಪರೀಕ್ಷೆಯ ದಿನ ಇನ್ಸ್‌ಪೆಕ್ಟರ್ ಆಕೆಯ ಬಾಜೂಕೆ ಕೂತು ಒಂದು ಸುತ್ತು ಹೋಗಿಬಂದರು. ಇಳಿದವರೇ ನನ್ನನ್ನು ಬದಿಗೆ ಕರೆದರು. "ಪಾಸ್ ಮಾಡೇನ್ರಿ. ಆದ್ರ ಆ ಭಾಭಿ ಕಡೀಕ ಏನ್ ಮಾಡಿದ್ಲಂತ?"

೪. ನಾನು ಕುಣಿಗೆ ಇಳಿದದ್ದು

ಅದೇ ದಿನ ಸಾಹೇಬರೂ ಪಾಸಾದರು. ನೇಕಾರರು ನಪಾಸಾದರು.

ಅವರ ತೊಡಕು ಎಡಗಾಲಿನದು. ಅವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಎರಡು ಹಲಗೆಗಳನ್ನು ತುಳಿಯಬೇಕು. ಒಮ್ಮೆ ಬಲ, ಒಮ್ಮೆ ಎಡ, ಮತ್ತೆ ಬಲ, ಮತ್ತೆ ಎಡ. ಮೂವತ್ತೈದು ವರ್ಷ ಹೀಗೆ ತುಳಿದ ಕಾಲುಗಳಿಗೆ, ಒಂದು ದುಡಿಯುವಾಗ ಇನ್ನೊಂದು ಸುಮ್ಮನಿರಬೇಕು ಅನ್ನುವುದು ಗೊತ್ತೇ ಇರಲಿಲ್ಲ. ಬಲಗಾಲು ಎಕ್ಸಲೇಟರ್ ತುಳಿದರೆ ಎಡಗಾಲು "ಈಗ ನನ್ನ ಪಾಳಿ" ಅಂತ ಕ್ಲಚ್ಚೋ ಬ್ರೇಕೋ ಸಿಕ್ಕದ್ದನ್ನು ತುಳಿಯುತ್ತಿತ್ತು. ಗಾಡಿ ಖಟಕ್ ಪಟಕ್, ಖಟಕ್ ಪಟಕ್ ಅಂತ ಜಿಗಿಯುತ್ತಿತ್ತು. ಸಾಲದ್ದಕ್ಕೆ ಕೈ, ನೂಲು ಒಯ್ಯುವ ಲಾಳಿಯ ಹಗ್ಗ ಹುಡುಕುತ್ತ ನನ್ನ ಅಂಗಿಯ ತೋಳು ಜಗ್ಗುತ್ತಿತ್ತು. ನಾಲ್ಕು ಅಂಗಿಗಳು ಹೊಲಿಗೆ ಬಿಟ್ಟವು.

ಬಾದಾಮಿಯಿಂದ ಬೀಗರ ಫೋನು ಬಂತಂತೆ: "ಬೀಗರ, ಹುಡುಗರ್ನ ಯಾವಾಗ ಒಳಗ ಕೂಡಸ್ಲಿ?" ಮಗಳನ್ನು ಕಳಿಸಲು ಹನ್ನೆರಡೇ ದಿನ ಉಳಿದಿತ್ತು. ಅವರಿಗಿಂತ ನನಗೇ ಕಸಿವಿಸಿ. ಮರುದಿನ ಗಾಡಿ ಜಿಗಿದ ಕೂಡಲೇ ಬಾಯಿತಪ್ಪಿ, "ಎಷ್ಟ ಸಲ ಹೇಳಬೇಕಲೇ ಕತ್ತೆ!" ಅಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಗಾಡಿ ನಿಲ್ಲಿಸಿ ಮೆಲ್ಲಗೆ ಅಂದರು, "ಗುರುಗಳ, ನಾಳಿ ಒಂದ್ ತಾಸು ನಮ್ಮನಿಗೆ ಬರ್ರಿ."

ಹೋದೆ. ಮಗ್ಗ ತೋರಿಸಿ "ಕುಂದರ್ರಿ" ಅಂದರು. ಎರಡು ಹಲಗೆ, ಒಂದು ಹಗ್ಗ, ಇದರಲ್ಲೇನು ಘನಂದಾರಿ ಇದೆ ಅಂತ ಇಳಿದೆ. ಮೊದಲನೇ ಏಟಿಗೆ ಲಾಳಿ ಹಾರಿ ಬೆಕ್ಕಿಗೆ ಬಡಿಯಿತು. ಎರಡನೇ ಏಟಿಗೆ ಎರಡೂ ಕಾಲು ಒಟ್ಟಿಗೇ ಬಿದ್ದು ಎಳೆಗಳು ಪಟಪಟ ಹರಿದವು. ಈಗ ಬೈಯುತ್ತಾರೆ, ಬೈದರೆ ಎದ್ದು ಓಡುವುದೇ ಸೈ ಅಂದುಕೊಂಡೆ. ಅರವತ್ತಾರನೇ ವಯಸ್ಸಿನಲ್ಲಿ ನನಗೆ ಒಂದನೇ ಇಯತ್ತೆಯ ಹೊಟ್ಟೆನೋವು ಬಂದಿತ್ತು.

ನೇಕಾರರು ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತ ಅಂದರು, "ಕಾಲ ನೋಡಬ್ಯಾಡ್ರಿ ಗುರುಗಳ. ಕಿವಿ ಕೊಡ್ರಿ. ತಪ್ಪಿದ್ರ ಸಪ್ಪಳ ಹೇಳ್ತೈತಿ."

ಕಿವಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬೆರಳು ನೇಯ್ದೆ! ಎದೆ ಉಬ್ಬಿಸಿ ಅವರ ಹೆಂಡತಿಯನ್ನು ಕರೆದು ತೋರಿಸಿದೆ. ಆ ತಾಯಿ ಕಣ್ಣು ಕಿರಿದು ಮಾಡಿ ನೋಡಿ, ಗಂಡನನ್ನು ಕೇಳಿದಳು: "ಮೀನಾ ಹಿಡಿಯೂ ಬಲಿ ನೇಯೂದು ಯಾವಾಗಿಂದ ಶುರು ಮಾಡಿದ್ರಿ?"

೫. ಎಡಗಾಲಿನ ನೌಕರಿ

ಮರುದಿನದಿಂದ ನಾನು ಬಾಯಿ ಮುಚ್ಚಿದೆ. ಇದು ಜಿಲ್ಲೆಯ ಶಿಕ್ಷಣ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. "ಇಂಜಿನ್ ಸಪ್ಪಳ ಕೇಳ್ರಿ" ಅಂದೆ, ಅಷ್ಟೇ. ಅವರು ಕಣ್ಣರಳಿಸಿದರು. "ಎಳಿ ಬಿಗಿ ಆದಂಗ ಆಗೇತ್ರಿ" ಅನ್ನುತ್ತ ಸರಿಯಾದ ಹೊತ್ತಿಗೆ ಗೇರು ಬದಲಿಸಿದರು. ಇನ್ನು ಉಳಿದದ್ದು ಎಡಗಾಲು. ಮೂವತ್ತೈದು ವರ್ಷ ದುಡಿದದ್ದನ್ನು ಖಾಲಿ ಕೂಡು ಅಂದರೆ ಕೂಡೀತೆ? ಅದಕ್ಕೊಂದು ನೌಕರಿ ಕೊಟ್ಟೆ. ಕ್ಲಚ್ಚಿನ ಕೆಲಸ ಇಲ್ಲದಾಗ ಬದಿಯ ಖಾಲಿ ನೆಲವನ್ನು ತಾಳ ಹಾಕಿದಂತೆ ತುಳಿಯುತ್ತಿರಬೇಕು. ಗಾಡಿ ಬೆಣ್ಣೆಯಂತೆ ಹೋಯಿತು.

ಮಗಳನ್ನು ಕಳಿಸುವ ಹಿಂದಿನ ದಿನ ಎರಡನೇ ಪರೀಕ್ಷೆ. ಇನ್ಸ್‌ಪೆಕ್ಟರ್ ಎಲ್ಲ ನೋಡಿ, ಕಡೆಗೆ ಕೇಳಿದರು, "ಎಲ್ಲಾ ಬರೋಬರಿ ಐತಿ. ಆ ಎಡಗಾಲು ಯಾಕ ಕುಣಸಾಕತ್ತೀರಿ?"

"ಸಾಹೇಬ್ರ, ಅದಕ್ಕ ಕೆಲಸ ಇಲ್ಲಂದ್ರ ಬ್ರೇಕಿನ ಕೆಲಸಾ ಕಸಗೊಂತೈತ್ರಿ" ಅಂದರು ನೇಕಾರರು.

ಪಾಸ್!

೬. ಬಾದಾಮಿ ದಾರಿ

ಮರುದಿನ ಹೊರಟೆವು. ಮುಂದೆ ಅವರು, ಬಾಜೂಕೆ ನಾನು, ಹಿಂದೆ ಅವರ ಹೆಂಡತಿ, ಮಗಳು, ಮಗಳ ತೊಡೆಯ ಮೇಲೆ ಕೂಸು. ಗಾಡಿ ನೀರಿನ ಮೇಲೆ ತೇಲಿದಂತೆ ಸಾಗಿತ್ತು. ನಾನು ಇಲ್ಲದ ಮೀಸಿ ತಿರುವಿದೆ.

ಊರು ದಾಟುತ್ತಲೇ ಕೂಸು ಅಳಲು ಶುರು ಮಾಡಿತು. ಹಾಲು ಕೊಟ್ಟರು, ನಿಲ್ಲಲಿಲ್ಲ. ಗಿಲಕಿ ಆಡಿಸಿದರು, ನಿಲ್ಲಲಿಲ್ಲ. ಅಮೀನಗಡದಲ್ಲಿ ಇಳಿಸಿ ಎತ್ತಿ ಆಡಿಸಿದರು, ಇನ್ನೂ ಜೋರಾಯಿತು. ಆಗ ಅಜ್ಜಿಗೆ ಹೊಳೆಯಿತು. "ಅಯ್ಯ, ಹುಟ್ಟಿದಾಗಿಂದ ಮಗ್ಗದ ಬಾಜೂಕ ಮಲಗಿದ ಕೂಸು! ಖಟಕ್ ಪಟಕ್ ಇಲ್ದ ಅದಕ್ಕ ನಿದ್ದಿ ಹೆಂಗ ಹತ್ತೀತು?"

ನೇಕಾರರು ನನ್ನ ಮುಖ ನೋಡಿದರು. ನಾನು ಅವರ ಎಡಗಾಲು ನೋಡಿದೆ. "ಗುರುಗಳ, ಕಲಿಸಿದ್ದನ್ನ ಒಂದೀಟು ಮರೀಲೇನ್ರಿ?"

ಬ್ಯಾಡ ಅನ್ನಲು ನಾನೇನು ಕಲ್ಲೇ? ಅವರು ಎಡಗಾಲಿಗೆ ಹಳೇ ನೌಕರಿ ತಿರುಗಿ ಕೊಟ್ಟರು. ಖಟಕ್ ಪಟಕ್, ಖಟಕ್ ಪಟಕ್. ಹತ್ತು ಮಾರು ಹೋಗುವುದರೊಳಗೆ ಕೂಸು ಗಡದ್ದಾಗಿ ಮಲಗಿತು. ನಿಂತರೆ ಏಳುತ್ತದೆ, ನಯವಾಗಿ ಹೋದರೂ ಏಳುತ್ತದೆ. ಹೀಗೇ ರಸ್ತೆಯ ಅಂಚು ಹಿಡಿದು ಕುರಿ ನಡೆಯುವ ವೇಗದಲ್ಲಿ ಜಿಗಿಯುತ್ತ ಹೊರಟೆವು. ಗುಳೇದಗುಡ್ಡದ ಹತ್ತಿರ ಕುರಿಗಳೇ ನಮ್ಮನ್ನು ಹಿಂದೆ ಹಾಕಿದವು. ಕುರುಬ ಬಗ್ಗಿ ಕೇಳಿದ, "ಗಾಡಿ ಕೆಟ್ಟೈತೇನ್ರಿ? ದೂಡ್ಲಿ?"

"ಇಲ್ಲೋ ತಮ್ಮಾ, ಕೂಸು ಮಲಗೈತಿ" ಅಂದೆ. ಅವನು ಕುರಿ ಬಿಟ್ಟು ನಮ್ಮನ್ನೇ ನೋಡುತ್ತ ನಿಂತ.

ಬಾದಾಮಿ ಬಂತು, ಬೀಗರ ಓಣಿ ಬಂತು. ಬೀಗರು ಬಾಗಿಲಲ್ಲಿ ನಿಂತಿದ್ದರು, ಅವರ ಹಿಂದೆ ಇಡೀ ಓಣಿ. ಈಗಲಾದರೂ ನಯವಾಗಿ ತಂದು ನಿಲ್ಲಿಸಲಿ, ಮಾತು ಉಳಿಯಲಿ ಅಂತ ನಾನು ಹನಮಪ್ಪನಿಗೆ ಕೈ ಮುಗಿದೆ. ನೇಕಾರರು ಒಮ್ಮೆ ಬೀಗರನ್ನು ನೋಡಿದರು, ಒಮ್ಮೆ ಕನ್ನಡಿಯಲ್ಲಿ ಕೂಸನ್ನು ನೋಡಿದರು. ಖಟಕ್ ಪಟಕ್ ಅಂತಲೇ ಓಣಿ ತುಂಬ ಜಿಗಿದು, ಬಾಗಿಲ ಮುಂದೆ ನಿಂತರು.

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಬೀಗರ, ಗಾಡಿಗೆ ಬಿಕ್ಕಳಿಕಿ ಹತ್ತೈತೇನು?"

ನೇಕಾರರು ತುಟಿಯ ಮೇಲೆ ಬೆರಳಿಟ್ಟರು. "ಶ್! ಕೂಸು ಮಲಗೈತಿ."

ಗಾಡಿ ನಿಂತಿತ್ತಲ್ಲ, ಕೂಸು ಎದ್ದು ಚೀರಿತು. "ಬಾರವ್ವಾ, ಗಾಡಿ ಅಂದ್ರ ಹೆಂಗಿರತೈತಿ ಈ ಅಜ್ಜ ತೋರಸ್ತಾನ" ಅಂತ ಬೀಗರು ಸೊಸೆಯನ್ನೂ ಕೂಸನ್ನೂ ತಮ್ಮ ಕಾರಿನಲ್ಲಿ ಕೂಡಿಸಿಕೊಂಡು, ಹೊಟ್ಟೆಯ ನೀರು ಅಲುಗದಂತೆ ಓಣಿಯ ತುದಿಗೆ ಹೋಗಿಬಂದರು. ಕೂಸಿನ ಚೀರಾಟಕ್ಕೆ ಆಚೆ ಓಣಿಯವರೂ ಹೊರಗೆ ಬಂದರು. ನೇಕಾರರು ಮೊಮ್ಮಗಳನ್ನೂ ಮಗಳನ್ನೂ ತಮ್ಮ ಗಾಡಿಗೆ ಕರೆದುಕೊಂಡು ಒಂದು ಸುತ್ತು ಹೋದರು. ಖಟಕ್ ಪಟಕ್. ತಿರುವು ಮುಗಿಯುವುದರೊಳಗೆ ಗೊರಕೆ.

ಎಂಟನೇ ದಿನ ಮುಂಜಾನೆ ನಮ್ಮ ಡ್ರೈವಿಂಗ್ ಸ್ಕೂಲಿನ ಮುಂದೆ ಬೀಗರು ನಿಂತಿದ್ದರು. ಕಣ್ಣು ಕೆಂಪಗೆ, ಗಡ್ಡ ಬೋಳಿಸಿರಲಿಲ್ಲ. "ಮಾಸ್ತರ, ಮೂವತ್ತು ವರ್ಷದಿಂದ ಗಾಡಿ ಹೊಡ್ಯಾಕತ್ತೇನಿ. ನಿಮ್ಮ ಕಾಲಿಗೆ ಬೀಳ್ತೇನಿ, ನನಗ ಕೆಟ್ಟ ಹೊಡ್ಯೂದು ಕಲಸ್ರಿ!"

ಎರಡೇ ದಿನದಲ್ಲಿ ಕಲಿಸಿ ಕಳಿಸಿದೆ.

ಎಲ್ಲಾ ಖರೆ ಅಂತ ಆಣೆ ಮಾಡಿದ್ದೇನೆ, ಹಾಗಾಗಿ ಒಂದು ಸಣ್ಣ ಮಾತು ತಿದ್ದಿಬಿಡುತ್ತೇನೆ. ಆ ಎರಡು ದಿನ ಅನ್ನುವುದು ನಾನು ಕಟ್ಟಿದ್ದು. ಮೂರು ವಾರವಾಯಿತು, ಬೀಗರು ಇನ್ನೂ ಬರುತ್ತಿದ್ದಾರೆ. ನಿನ್ನೆ ಇಳಕಲ್ಲಿನಿಂದ ಹುನಗುಂದದ ತನಕ ಹೋದೆವು. ಗಾಡಿ ಒಂದೇ ಒಂದು ಸಲ ಅಲುಗಲಿಲ್ಲ. ನಿಲ್ಲಿಸಿದವರೇ ಸ್ಟೀರಿಂಗ್ ಮೇಲೆ ಹಣೆ ಇಟ್ಟು, "ಇವತ್ತೂ ಛಲೋನ ಹೊಡದೆ, ಮಾಸ್ತರ" ಅಂತ ಅತ್ತೇಬಿಟ್ಟರು.