ಒಂಟಿ ಸವಾರನ ಒಂಬತ್ತನೆಯ ದಿನ

ಎಲ್ಲ ಅನಾಹುತಕ್ಕೂ ಕಾರಣ ಸೈಕಲ್ಲಿನ ಹಿಂದೆ ತಂತಿಯಿಂದ ಬಿಗಿದಿದ್ದ ತಗಡಿನ ಬೋರ್ಡು. ‘ಒಂಟಿ ಸವಾರ. ಏಳುನೂರು ಕಿಲೋಮೀಟರು. ಸಮುದ್ರ ಮುಟ್ಟುವವರೆಗೆ ಇಳಿಯುವುದಿಲ್ಲ’ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು.

ಬರೆಸಿದವರು ನೀರು ಸರಬರಾಜು ಕಚೇರಿಯ ಸಹೋದ್ಯೋಗಿಗಳು. ತನ್ನ ಹೊಟ್ಟೆಯ ಬಗ್ಗೆ ಯಾರೋ ಆಡಿದ ಮಾತಿಗೆ ರೇಗಿ, “ಸಮುದ್ರದವರೆಗೆ ಸೈಕಲ್ ತುಳ್ಕೊಂಡು ಹೋಗ್ತೀನಿ, ನೋಡ್ತಿರಿ” ಎಂದುಬಿಟ್ಟಿದ್ದ ದೂರು ವಿಭಾಗದ ಗುಮಾಸ್ತ. ಎರಡು ದಿನದಲ್ಲಿ ಎಲ್ಲರೂ ಮರೆಯುತ್ತಾರೆಂದು ಅವನ ನಂಬಿಕೆ. ಜನರ ದೂರುಗಳನ್ನು ಆ ಕಚೇರಿ ಇಪ್ಪತ್ತಮೂರು ವರ್ಷದಿಂದ ಹಾಗೆಯೇ ಮರೆಯುತ್ತಾ ಬಂದಿತ್ತು. ಇದೊಂದನ್ನು ಮಾತ್ರ ಮರೆಯಲಿಲ್ಲ. ಕೇಳದೆಯೇ ರಜೆ ಮಂಜೂರಾಯಿತು, ಬೋರ್ಡು ಬಂತು.

ಒಂಬತ್ತನೆಯ ದಿನ ಬೆಳಗ್ಗೆ, ಒಂದು ಸೇತುವೆಯ ಕಟ್ಟೆಯ ಮೇಲೆ ಕೂತು ಗುಮಾಸ್ತ ಅತ್ತ. ಕೂರುವುದೂ ಸುಲಭವಿರಲಿಲ್ಲ, ಸೀಟು ಅಷ್ಟು ಸೇವೆ ಮಾಡಿತ್ತು. ಗಾಳಿ ಮೂರು ದಿನದಿಂದ ಸಾಲ ಕೊಟ್ಟವನ ಹಾಗೆ ಎದುರಿಗೇ ಬರುತ್ತಿತ್ತು. ಇನ್ನೂ ಮುನ್ನೂರು ಕಿಲೋಮೀಟರ್ ಬಾಕಿ. ಅವನು ಹೆಂಡತಿಗೆ ಫೋನ್ ಮಾಡಿದ.

“ಬಂದ್ಬಿಡಿ” ಎಂದಳು ಅವಳು. “ನೀವು ಸಮುದ್ರ ನೋಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಎಲ್ಲಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ನಾನೇನು ಮಾಡ್ಲಿ? ನಾನು ಯಾರಿಗೂ ಹೇಳಲ್ಲ.”

ಮದುವೆಯಾದ ಮೇಲೆ ಅವಳು ಆಡಿದ ಅತ್ಯಂತ ಸಿಹಿಯಾದ ಮಾತು ಅದು. ಗುಮಾಸ್ತ ಕಣ್ಣೊರೆಸಿಕೊಂಡು ಮುಂದಿನ ಊರಿನ ಬಸ್ ನಿಲ್ದಾಣಕ್ಕೆ ಸೈಕಲ್ ತಳ್ಳಿಕೊಂಡು ಹೋದ.

“ಸೈಕಲ್ ಮೇಲಕ್ಕೆ ಹಾಕಿಸ್ಕೊಳ್ಳಿ, ನಾನೂ ಬರ್ತೀನಿ” ಎಂದ.

ಕಂಡಕ್ಟರ್ ಬೋರ್ಡು ಓದಿದ. ಸೀಟಿ ಅವನ ಬಾಯಿಂದ ಜಾರಿತು. “ಏಳುನೂರು ಕಿಲೋಮೀಟರ್ ತುಳಿಯೋಕೆ ಹೊರಟೋರನ್ನ ಬಸ್ ಹತ್ತಿಸಲಾ? ನಾಳೆ ನನ್ನ ಮಗಳು ನನ್ನ ಮುಖ ನೋಡ್ತಾಳಾ ಸಾರ್?”

“ನನಗೆ ಆಗ್ತಿಲ್ಲಪ್ಪ.”

“ಆಗುತ್ತೆ!” ಎಂದು ಹಿಂದಿನಿಂದ ಯಾರೋ ಗುಡುಗಿದರು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಎದೆ ಇನ್ನೂ ‘ಸಾವಧಾನ್’ ಸ್ಥಿತಿಯಲ್ಲೇ ಇತ್ತು. “ಆಗಲ್ಲ ಅನ್ನೋದು ಕಾಲಲ್ಲ, ತಲೆ! ಹಿಡೀರೋ ಇವರ ಕಾಲು!”

ನಾಲ್ಕು ಜನ ಹಿಡಿದರು. ಕ್ಷೌರಿಕನೊಬ್ಬ ತನ್ನ ಅಂಗಡಿಯಿಂದ ಎಣ್ಣೆ ತಂದು ಮೀನಖಂಡ ತಿಕ್ಕಿದ. ಗುಮಾಸ್ತ ನೋವಿಗೆ ಕಿರುಚಿದ್ದನ್ನು ಜನ ಹುಮ್ಮಸ್ಸೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವನು ಬೇಡ ಬೇಡವೆನ್ನುತ್ತಿದ್ದಂತೆಯೇ ಎತ್ತಿ ಸೀಟಿನ ಮೇಲೆ ಕೂರಿಸಿ, ಕೆಟ್ಟು ನಿಂತ ಲಾರಿಯನ್ನು ತಳ್ಳುವ ಹಾಗೆ ಊರಾಚೆಯ ಏರನ್ನು ದಾಟಿಸಿ ಬಿಟ್ಟರು.

ಏರಿನ ಆಚೆ ಎದುರಿಗೆ ಬಂದವನು ಒಬ್ಬ ಬಣ್ಣ ಬಳಿಯುವವನು. ಹೆಗಲಲ್ಲಿ ಏಣಿ, ಕೈಯಲ್ಲಿ ಡಬ್ಬ.

“ಸೈಕಲ್ ಬೇಕೇನಪ್ಪ?” ಎಂದ ಗುಮಾಸ್ತ.

“ಎಷ್ಟು?”

“ಸುಮ್ನೆ.”

ಬಣ್ಣದವನು ಎರಡು ಹೆಜ್ಜೆ ಹಿಂದೆ ಸರಿದ. “ಕದ್ದಿದ್ದಾ?”

“ನನ್ನದೇ ಕಣಯ್ಯ! ದಮ್ಮಯ್ಯ ಅಂತೀನಿ, ತಗೊಂಡು ಹೋಗು. ನಾನು ಇದರ ಮುಖ ನೋಡಲಾರೆ.”

ಬಣ್ಣದವನಿಗೆ ಕನಿಕರ ಬಂತು. ಏಣಿಯನ್ನು ಸೈಕಲ್ಲಿಗೆ ಅಡ್ಡಲಾಗಿ ಕಟ್ಟಿ ಊರಿನ ಕಡೆ ಹೊರಟ. ಗುಮಾಸ್ತ ಗದ್ದೆಯ ಬದುವಿನ ಮೇಲೆ ಕುಂಟುತ್ತಾ ಆ ಊರಿನ ರೈಲು ನಿಲ್ದಾಣ ಸೇರಿ, ಮನೆಯ ಕಡೆಗೆ ಹೋಗುವ ರೈಲು ಹತ್ತಿದ.

ಅದು ಪ್ರತಿ ಹಳ್ಳಿಯಲ್ಲೂ ನಿಂತು ದಣಿವಾರಿಸಿಕೊಳ್ಳುವ ಪ್ಯಾಸೆಂಜರ್. ಆದರೂ ನಿನ್ನೆ ಒಂದು ಗಂಟೆ ಏದುಸಿರು ಬಿಟ್ಟು ಹತ್ತಿದ ದಿಬ್ಬ ಕಿಟಕಿಯಲ್ಲಿ ಒಂದೇ ನಿಮಿಷದಲ್ಲಿ ಹಾದುಹೋಯಿತು. ಗುಮಾಸ್ತನಿಗೆ ನಾಚಿಕೆಯಾಗಲಿಲ್ಲ, ನಿದ್ದೆ ಬಂತು.

ಮೂರನೆಯ ನಿಲ್ದಾಣದಲ್ಲಿ ಯಾರೋ ಭುಜ ಹಿಡಿದು ಅಲುಗಿಸಿದರು. “ಸಿಕ್ಕರು! ಇಲ್ಲಿದ್ದಾರೆ!”

ಪ್ಲಾಟ್‌ಫಾರ್ಮಿನಲ್ಲಿ ಪೊಲೀಸ್ ಪೇದೆ, ಡ್ರಿಲ್ ಮೇಷ್ಟ್ರು, ಕಂಡಕ್ಟರ್. ನಡುವೆ ಏಣಿಸಮೇತ ಬಣ್ಣದವನು, ಒಂದು ಕೆನ್ನೆ ಊದಿತ್ತು. ಅವನ ಪಕ್ಕದಲ್ಲಿ ಸೈಕಲ್ಲು.

“ಕಳ್ಳ ನಮ್ಮ ಕಣ್ಮುಂದೇನೇ ಬೋರ್ಡು ಸಮೇತ ಬಂದ!” ಎಂದರು ಮೇಷ್ಟ್ರು. “ನೀವು ರೈಲು ಹತ್ತಿದ್ರಿ ಅಂತ ಟಿಕೆಟ್‌ನೋರು ಹೇಳಿದ್ರು. ಕಳ್ಳನ್ನ ಹುಡುಕ್ಕೊಂಡು ಹೊರಟ್ರಲ್ಲ, ಪಾಪ! ಜೀಪಲ್ಲಿ ಹಾರ್ಕೊಂಡು ಬಂದ್ವಿ.”

“ಸಾರ್, ನೀವೇ ಹೇಳಿ” ಎಂದ ಬಣ್ಣದವನು. “ಮನೇಲಿ ಹೆಂಡ್ತಿ ಕಾಯ್ತಿದ್ದಾಳೆ.”

ಗುಮಾಸ್ತ ರೈಲನ್ನು ನೋಡಿದ. ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದ. ‘ಕಳ್ಳನೇ’ ಎಂದು ಒಂದು ಮಾತು ಹೇಳಿದರೆ ತನ್ನ ಮಾನ ಉಳಿಯುತ್ತದೆ, ಇವನು ಲಾಕಪ್ಪಿಗೆ ಹೋಗುತ್ತಾನೆ.

“ಅವನು ಕದ್ದಿಲ್ಲ” ಎಂದ. “ನಾನೇ ಕೊಟ್ಟೆ. ನನಗೆ ಸಾಕಾಗಿದೆ. ನಾನು ಸೋತೆ. ಮನೆಗೆ ಹೋಗ್ತಿದ್ದೀನಿ.”

ಮೇಷ್ಟ್ರ ಕಣ್ಣು ತುಂಬಿ ಬಂತು.

“ಕೇಳಿದ್ರೇನ್ರೋ? ಒಬ್ಬ ಬಡವನ್ನ ಉಳಿಸೋಕೆ ಸೋತೆ ಅಂತ ಸುಳ್ಳು ಹೇಳ್ತಿದ್ದಾರೆ! ಎಂಥಾ ಮನುಷ್ಯ!”

“ಸುಳ್ಳಲ್ಲ! ನಿಜವಾಗ್ಲೂ ಸೋತಿದ್ದೀನಿ!”

“ಸಾಕು ಸಾರ್, ನಮಗೆ ಅರ್ಥ ಆಯ್ತು” ಎಂದು ಪೇದೆ ಬಣ್ಣದವನ ಕೈ ಬಿಟ್ಟ. “ಇವರ ಮುಖ ನೋಡಿ ನಿನ್ನ ಬಿಡ್ತಿದ್ದೀನಿ, ಹೋಗು.”

ಅಷ್ಟರಲ್ಲಿ ರೈಲು ಹೊರಟೇಹೋಯಿತು.

“ಇದು ಯಾವ ಊರು?” ಎಂದ ಗುಮಾಸ್ತ, ಸತ್ತ ದನಿಯಲ್ಲಿ.

“ನಮ್ಮೂರಿಂದ ನಲವತ್ತು ಕಿಲೋಮೀಟರ್ ಹಿಂದೆ” ಎಂದ ಕಂಡಕ್ಟರ್.

“ಜೀಪಲ್ಲಿ ಅಲ್ಲಿವರೆಗಾದ್ರೂ ಬಿಡ್ತೀರಾ?”

“ನಮ್ಮನ್ನ ಪರೀಕ್ಷೆ ಮಾಡ್ತಿದ್ದೀರಾ ಸಾರ್?” ಎಂದು ಪೇದೆ ನಕ್ಕ. “ನಿಮ್ಮ ವ್ರತ ಕೆಡಿಸೋ ಜನ ನಾವಲ್ಲ. ಇನ್ನು ಯಾವ ಕಳ್ಳನೂ ನಿಮ್ಮ ಹತ್ರ ಸುಳಿಯಲ್ಲ. ಸಮುದ್ರದವರೆಗೆ ಎಲ್ಲ ಠಾಣೆಗೂ ಫೋನ್ ಮಾಡಿದ್ದೀನಿ. ಪ್ರತಿ ಊರವರೂ ಎದುರಿಗೆ ಬಂದು ನಿಂತಿರ್ತಾರೆ.”

ಬಣ್ಣದವನೂ ಅದೇ ಊರಿನವನಾದ್ದರಿಂದ ಅವನನ್ನು ಏಣಿಸಮೇತ ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಜೀಪು ದಾರಿ ತೋರಿಸುತ್ತಾ ನಿಧಾನವಾಗಿ ಮುಂದೆ ಹೊರಟಿತು. ಗುಮಾಸ್ತ ಹಲ್ಲು ಕಚ್ಚಿಕೊಂಡು ಸೀಟಿನ ಮೇಲೆ ಕೂತ. ಗಾಳಿ ಎದುರಿಗೇ ಬೀಸುತ್ತಿತ್ತು.

ಬಣ್ಣದವನು ಊದಿದ ಕೆನ್ನೆ ಸವರಿಕೊಳ್ಳುತ್ತಾ ಹಿಂದಕ್ಕೆ ತಿರುಗಿ, ಮನಸಾರೆ ಕೂಗಿದ:

“ತುಳೀರಿ ಸಾರ್, ತುಳೀರಿ! ನಿಮಗೆ ಆಗುತ್ತೆ!”