ನನ್ನ ಹೆಸರಿನ ನೊಣ

ಒಂದೇ ತರಹ ಕಾಣುವ ಎರಡು ವಸ್ತುಗಳ ವ್ಯತ್ಯಾಸ ಹೇಳುವುದರಲ್ಲಿ ಈ ಕೋದಂಡಪ್ಪನನ್ನು ಮೀರಿಸುವವನು ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹುಟ್ಟಿಲ್ಲ! ಕೋರಮಂಡಲ್ ಗಣಿಯ ಉಗ್ರಾಣದಲ್ಲಿ ಹದಿನಾಲ್ಕು ಅಳತೆಯ ತಿರುಪುಮೊಳೆಗಳನ್ನು ಕಣ್ಣು ಮುಚ್ಚಿ ಬೇರ್ಪಡಿಸುತ್ತಿದ್ದವನು ನಾನು. ಹಾಗಾಗಿ ಮೂವತ್ತೈದನೇ ಇಸವಿಯಲ್ಲಿ ನಮ್ಮ ಗಣಿ ಆಸ್ಪತ್ರೆಯ ಡಾಕ್ಟರ್ ರಾಮಚಂದ್ರಪ್ಪನವರು ತಾವೇ ತೆಗೆದ ಅರವತ್ತು ನೊಣದ ಫೋಟೋಗಳನ್ನು ನನ್ನ ಕೈಗಿಟ್ಟು, ಜಾತಿವಾರು ವಿಂಗಡಿಸಿಕೊಡಿ, ವಿಲಾಯಿತಿಯ ಪಂಡಿತರಿಗೆ ಕಳಿಸಬೇಕು ಎಂದಾಗ ನನ್ನ ಎದೆ ಗೇಣುದ್ದ ಉಬ್ಬಿತು.

ಫೋಟೋದಲ್ಲಿದ್ದುದು ನಮ್ಮ ಹಿತ್ತಲಿನ ಕೊತ್ತಂಬರಿ ಹೂವಿಗೆ ಬರುವ ಪಟ್ಟೆನೊಣ. ಗಾಳಿಗೆ ಮೊಳೆ ಹೊಡೆದು ನೇತುಹಾಕಿದಂತೆ ನಿಂತಲ್ಲೇ ಹಾರುತ್ತದೆ. ಜೇನಿನ ವೇಷ, ಕಚ್ಚುವ ಧೈರ್ಯ ಇಲ್ಲ. ಮೂರು ಭಾನುವಾರ ಭೂತಗನ್ನಡಿ ಹಿಡಿದು ಕೂತೆ. ಕೆಲವಕ್ಕೆ ಎರಡು ಕಣ್ಣೂ ನೆತ್ತಿಯಲ್ಲಿ ಕೂಡಿಕೊಂಡಿವೆ; ಕೆಲವಕ್ಕೆ ನಡುವೆ ಬೈತಲೆ ತೆಗೆದಂತೆ ಸಂದು. ಎರಡು ಜಾತಿ! ಡಾಕ್ಟರ ಪುಸ್ತಕದಲ್ಲಿ ಕಣ್ಣು ಕೂಡಿದ್ದು ಮಾತ್ರ ಇತ್ತು. ಅಂದರೆ ಬೈತಲೆಯದು ಲೋಕಕ್ಕೇ ಹೊಸದು! ಅದಕ್ಕೆ "ಕೋದಂಡ ನೊಣ" ಎಂದು ನಾಮಕರಣ ಮಾಡಿ, ಮರುದಿನ ಗಣಿಗೆ ಹೋಗುವ ಬೆಳಗಿನ ರೈಲಿನಲ್ಲಿ ಇಡೀ ಡಬ್ಬಿಗೆ ಸಾರಿದೆ.

ಹೂವು ಹಾಳಾದೀತೆಂದು ಆ ಕೊತ್ತಂಬರಿ ಮಡಿಗೆ ನನ್ನ ಹೆಂಡತಿ ಗಂಗರತ್ನಮ್ಮನನ್ನು ಬಿಟ್ಟಿರಲಿಲ್ಲ. ಸಾರಿನ ಸೊಪ್ಪಿಗೆ ಅವಳು ಪಕ್ಕದ ಮನೆ ಪಾಪಕ್ಕನ ಮುಂದೆ ಕೈಯೊಡ್ಡಿದಳು. ಒಂದು ಸಂಜೆ ಮೆಲ್ಲಗೆ ಬಂದು, "ಆ ನೊಣ ಐತಲ್ಲ…" ಎಂದು ಶುರುಮಾಡಿದಳು.

"ನೊಣ ಗಿಣ ಅನ್ನಬೇಡ. ಅದಕ್ಕೊಂದು ಹೆಸರಿದೆ. ಹೆಸರು ಹಿಡಿದು ಹೇಳುವುದಾದರೆ ಹೇಳು, ಇಲ್ಲ ಸುಮ್ಮನಿರು."

ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು. ನನ್ನ ಪಾಂಡಿತ್ಯಕ್ಕೆ ಬೆರಗಾದಳು ಎಂದುಕೊಂಡೆ.

ಮುಂದಿನ ಭಾನುವಾರ ಡಾಕ್ಟರರು ಜೇಬಿನಲ್ಲಿ ಅರಗಿನ ಮುದ್ರೆ ಒತ್ತಿದ ಲಕೋಟೆ ಇಟ್ಟುಕೊಂಡು ಬಂದರು. ನೊಣಗಳ ಮೇಲೆ ಇಪ್ಪತ್ತು ವರ್ಷದ ಹುಚ್ಚು ಅವರದು, ಪಂಡಿತರಿಗೆ ಇದೇ ಮೊದಲ ಪತ್ರ. ಅಂಚೆಗೆ ಹಾಕುವ ಮುನ್ನ ಹೊಸ ನೊಣವನ್ನು ಜೀವಂತ ನೋಡುವ ಆಸೆ. "ನಿಮ್ಮ ಮಾತು ನಂಬಿ ಕೆಳಗೆ ನನ್ನ ರುಜು ಹಾಕಿದ್ದೇನೆ" ಎಂದರು.

ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆವು. ಎದುರಿನ ಹೂವಿನ ಮೇಲೇ ಕೋದಂಡ ನೊಣ ಕೂತಿತ್ತು. ಅದರ ಬೆನ್ನ ಮೇಲೆ ಕಣ್ಣು ಕೂಡಿದ್ದು ಕೂತಿತ್ತು. ಎರಡಕ್ಕೂ ಎದ್ದುಹೋಗುವ ಅವಸರವಿರಲಿಲ್ಲ.

ಡಾಕ್ಟರರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಲಕೋಟೆ ತೆಗೆದು ನಿಧಾನವಾಗಿ ಎರಡಾಗಿ ಹರಿದರು.

"ಗಂಡ ಹೆಂಡತಿ, ಕೋದಂಡಪ್ಪ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲೋಟದ ಕಾಫಿ ಅರ್ಧಕ್ಕೇ ಬಿಟ್ಟು, ತಪ್ಪು ತಮ್ಮದೂ ಇದೆ ಎಂದು ನನಗೇ ಸಮಾಧಾನ ಹೇಳಿ ಹೊರಟುಹೋದರು. ಉಗ್ರಾಣದ ಮೊಳೆಯಷ್ಟು ಚಿಕ್ಕವನಾಗಿ ಅಲ್ಲೇ ಕೂತಿದ್ದೆ.

"ನಿನಗೆ ಗೊತ್ತಿತ್ತೇನೇ?" ಎಂದು ಹೆಂಡತಿಯನ್ನು ಕೇಳಿದೆ.

"ಒಂದ್ ತಿಂಗಳಿಂದ ಇತ್ಲ ಬಾಗ್ಲಾಗೆ ನಿಂತು ನೋಡ್ತಾ ಇವ್ನಿ. ದಿನಾ ಎಲ್ಡೂ ಇಂಗೇ ಜೊತೇಲಿ ಬತ್ತವೆ."

"ಒಂದು ಮಾತು ಹೇಳಬಾರದಿತ್ತೆ?"

"ಏಳಾಕೇ ಬಂದಿದ್ದೆ. ಎಸ್ರು ಇಡ್ದು ಏಳು ಅಂದ್ರಿ." ಲೋಟ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು. "ಕಟ್ಕಂಡೋರ ಎಸ್ರು ನಾನೆಂಗೆ ಎತ್ಲಿ?"

ಅಂದಿನಿಂದ ಆ ನೊಣವನ್ನು ನಾನೂ ಹೆಸರು ಹಿಡಿದು ಕರೆದಿಲ್ಲ.