ಬಾದಾಮಿ ಗ್ರಹಕ್ಕೆ ಯಾರೂ ಇಳಿಯಬಾರದು

ಇಳಕಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದಾಗ ನನಗೊಂದು ಹೆಮ್ಮೆಯಿತ್ತು. ನಾನು ಜೋಡಿಸಿಕೊಟ್ಟ ಲೈನು ತಪ್ಪು ಮನೆಗೆ ಹೋದದ್ದಿಲ್ಲ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೇರೆ ಊರಿಗೆ ಮಾತಾಡುವವರು ಮೊದಲು ನಮ್ಮನ್ನು ಕೇಳಬೇಕು. ನಾವು ಬೋರ್ಡಿಗೆ ವೈರು ಚುಚ್ಚಿ ಬಾಗಲಕೋಟೆಯನ್ನು ಕರೆಯಬೇಕು. ಅವರು ಬಾದಾಮಿಯನ್ನೋ ಹುಬ್ಬಳ್ಳಿಯನ್ನೋ ಹಿಡಿದು ಕೊಡಬೇಕು. ಸರಕಾರ ಇಷ್ಟು ದೊಡ್ಡ ಹೊಣೆಯನ್ನು ಚೆನ್ನಾಗಿ ಯೋಚಿಸಿಯೇ ನನ್ನ ಕೈಗೆ ಕೊಟ್ಟಿದೆ ಎಂದು ನಾನು ತಿಳಿದಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಸೀರೆ ವ್ಯಾಪಾರಿಗಳೆಲ್ಲ ಅಂಗಡಿಯ ಗಾದಿಗೆ ಒರಗುತ್ತಿದ್ದರು. ಲೈನು ಖಾಲಿ. ಆಗ ನಾವು ನಾಲ್ಕು ಊರಿನ ಆಪರೇಟರುಗಳು ಆಕಾಶದಲ್ಲಿ ವ್ಯಾಪಾರ ಮಾಡುತ್ತಿದ್ದೆವು.

ಇದು ಬಾದಾಮಿಯ ವೆಂಕಣ್ಣನವರು ಹಚ್ಚಿದ ಹುಚ್ಚು. ಗುಹೆ ನೋಡಲು ಬಂದಿದ್ದ ಪರದೇಶದವನೊಬ್ಬ ತನ್ನ ಮನೆಗೆ ಮಾತಾಡಲು ಇಡೀ ದಿನ ಅವರ ಆಫೀಸಿನ ಬೆಂಚಿನ ಮೇಲೆ ಕಾದಿದ್ದನಂತೆ. ಕೊನೆಗೂ ಲೈನು ಸಿಕ್ಕ ಸಂತೋಷಕ್ಕೆ ಚೀಲದಿಂದ ಒಂದು ಆಟದ ಡಬ್ಬಿ ತೆಗೆದುಕೊಟ್ಟು ಹೋದ. ಅದರಲ್ಲಿ ನಕ್ಷತ್ರಗಳ ನಕ್ಷೆ, ದಾಳ, ಬೆರಳುದ್ದದ ಹಡಗುಗಳು ಮತ್ತು ಇಸ್ಪೀಟಿನಂಥ ಎಲೆಗಳು ಇದ್ದವು. ಹಡಗಿನಲ್ಲಿ ಸರಕು ತುಂಬಿಕೊಂಡು ಒಂದು ಗ್ರಹದಿಂದ ಇನ್ನೊಂದಕ್ಕೆ ಹಾರಿ ಮಾರುವುದೇ ಆಟ. ಗ್ರಹಗಳ ಹೆಸರಿಗೆ ನಮ್ಮ ನಾಲಿಗೆ ಹೊರಳದ್ದರಿಂದ ನಮ್ಮ ಊರುಗಳ ಹೆಸರನ್ನೇ ಇಟ್ಟೆವು. ನಾನು ಸೀರೆ ಸಾಗಿಸುತ್ತಿದ್ದೆ. ಹುನಗುಂದದ ಸಂಗಪ್ಪ ಬಿಳಿಜೋಳ, ಬಾಗಲಕೋಟೆಯ ವಿಮಲಾಬಾಯಿ ಸಿಮೆಂಟು. ನಕ್ಷೆ ಬಾದಾಮಿಯಲ್ಲೇ ಇದ್ದುದರಿಂದ ದಾಳ ಎಸೆಯುವುದು, ಎಲೆ ಎತ್ತಿ ಅದರಲ್ಲಿದ್ದ ವಿಪತ್ತನ್ನು ಕನ್ನಡದಲ್ಲಿ ಓದುವುದು ವೆಂಕಣ್ಣನವರ ಕೆಲಸ. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ದನಿ ಮಾತ್ರ ಗೊತ್ತು.

ಆಕಾಶದಲ್ಲಿ ಮನೆಯ ಮಾತು ಆಡಬಾರದೆಂದು ವೆಂಕಣ್ಣನವರ ಕಟ್ಟಪ್ಪಣೆಯಿತ್ತು. ಕಪ್ತಾನರಾದವರು ರೇಡಿಯೋ ವಾರ್ತೆಯವರಂತೆ ಮಾತಾಡಬೇಕು. ಹೀಗಾಗಿ “ಇಳಕಲ್ ನೌಕೆಯ ಕಪ್ತಾನರೇ, ತಾವು ಈಗ ಎಲ್ಲಿದ್ದೀರಿ?” ಎಂದು ಅವರು ಕೇಳಿದರೆ, “ಹುನಗುಂದ ಗ್ರಹದಿಂದ ನಿರ್ಗಮಿಸಿದ್ದೇನೆ, ಸರಕು ಸುರಕ್ಷಿತವಾಗಿದೆ” ಎಂದು ನಾನು ಉತ್ತರಿಸುತ್ತಿದ್ದೆ. ನನಗೆ ಇದು ಬರೀ ಆಟವಾಗಿರಲಿಲ್ಲ. ಮನೆಯಲ್ಲಿ ನಾನು ಹಿರಿಯ ಸೊಸೆ. ಮಾವನವರ ಎದುರು “ಹೂನ್ರಿ” ಎಂಬುದಕ್ಕಿಂತ ಉದ್ದದ ಮಾತು ಆಡಿದ ನೆನಪಿಲ್ಲ. ಅವರೂ ನನ್ನ ಕಡೆ ನೋಡದೆಯೇ ಚಹಾ ಕೇಳುತ್ತಿದ್ದರು. ಆಕಾಶದಲ್ಲಿ ಮಾತ್ರ ನಾನು ಹೊರಡು ಎಂದರೆ ಹಡಗೊಂದು ಹೊರಡುತ್ತಿತ್ತು.

ಹೀಗಿರುವಾಗ ನನ್ನ ಮೈದುನ ಮಹಾಂತೇಶನ ಮದುವೆ ಗೊತ್ತಾಯಿತು. ಹೆಣ್ಣು ಬಾದಾಮಿಯವಳು. ಮದುವೆ ಆ ಊರ ಹತ್ತಿರದ ಬನಶಂಕರಿ ಗುಡಿಯಲ್ಲಿ. ಹಿಂದಿನ ದಿನ ಸಂಜೆ ನಮ್ಮವರೆಲ್ಲ ಲಾರಿಯಲ್ಲಿ ಹೊರಡುವುದು, ನಾನು ಡ್ಯೂಟಿ ಮುಗಿಸಿ ಬಂದು ಹತ್ತಿಕೊಳ್ಳುವುದು ಎಂದು ತೀರ್ಮಾನವಾಗಿತ್ತು.

ಆ ಮಧ್ಯಾಹ್ನ ಆಟ ರಂಗೇರಿತ್ತು. ನನ್ನ ಹಡಗು ಸೀರೆ ಹೇರಿಕೊಂಡು ಬಾದಾಮಿ ಗ್ರಹದ ಹೊಸ್ತಿಲಲ್ಲಿತ್ತು. ಅಷ್ಟರಲ್ಲಿ ನಮ್ಮ ಮನೆಯ ಪಕ್ಕದ ಅಂಗಡಿಯ ನಂಬರು ಬೋರ್ಡಿನಲ್ಲಿ ಬಿತ್ತು. ಮಾತಾಡಿದವರು ನಮ್ಮ ಮಾವನವರು. ಬಾದಾಮಿಯ ಬೀಗರ ಅಂಗಡಿಗೆ ಲೈನು ಬೇಕಂತೆ, ಹೊರಡುತ್ತೇವೆಂದು ತಿಳಿಸಬೇಕಂತೆ. ಬಾದಾಮಿ ಹೇಗೂ ನನ್ನ ಕೈಯಲ್ಲೇ ಇತ್ತು. ಇನ್ನೊಂದು ಲೈನು ಯಾಕೆಂದು ಆಟ ನಡೆದಿದ್ದ ಅದೇ ಲೈನಿಗೆ ಮಾವನವರನ್ನು ಸೇರಿಸಿದೆ. ಅವರ ದನಿ ಕೇಳಿದರೆ ವೆಂಕಣ್ಣನವರು ಆಟ ನಿಲ್ಲಿಸಿ ಬೀಗರಿಗೆ ಜೋಡಿಸುತ್ತಾರೆ ಎಂಬುದು ನನ್ನ ಎಣಿಕೆ. ಆ ಗಳಿಗೆಗೇ ಇನ್ನೊಂದು ನಂಬರು ಬಿತ್ತು, ನಾನು ಅತ್ತ ತಿರುಗಿದೆ. ಮರಳಿ ಬಂದಾಗ ಮಾವನವರು ಫೋನು ಇಟ್ಟಿದ್ದರು. ಮಾತು ಮುಗಿಯಿತೆಂದುಕೊಂಡೆ.

ವೆಂಕಣ್ಣನವರು ಅಷ್ಟರಲ್ಲಿ ಎಲೆ ಎತ್ತಿ ಓದಿದ್ದರು. ಬಾದಾಮಿ ಗ್ರಹದಲ್ಲಿ ರೋಗ ಎಂದು ತಿಳಿದು ನನಗೆ ಭಾರೀ ಬೇಜಾರಾಯಿತು. ಅಷ್ಟು ಸೀರೆ ಹೊತ್ತು ಹಿಂದಿರುಗಬೇಕಲ್ಲ.

ಸಂಜೆ ಮನೆಗೆ ಬಂದರೆ ಲಾರಿ ಬಾಗಿಲಲ್ಲೇ ನಿಂತಿತ್ತು. ಆದರೆ ಹೆಂಗಸರು ಗಂಟುಗಳನ್ನು ಕೆಳಗೆ ಇಳಿಸುತ್ತಿದ್ದರು. ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಮದುಮಗ ಗೋಡೆ ನೋಡುತ್ತ ಕೂತಿದ್ದ. ಮಾವನವರು ಕಟ್ಟೆಯ ಮೇಲೆ ಕೂತು, ಮಗ್ಗದ ಕೆಲಸದವರಿಗೂ ನೆರೆಯವರಿಗೂ ಹೇಳುತ್ತಿದ್ದರು.

“ಸರಕಾರದವರ ಸ್ವತಃ ಹೇಳ್ಯಾರ. ಬಾದಾಮಿಯಲ್ಲಿ ರೋಗ ಹಬ್ಬಿದೆ. ಅವರೋಹಣ ನಿಷಿದ್ಧ. ಮೀರಿ ಬಂದವರ ಸರಕು ಜಪ್ತಿ ಮಾಡಲಾಗುವುದು. ಕಿವಿಲೆ ಕೇಳೇನಿ.”

ಪಕ್ಕದವರೊಬ್ಬರು ಅವರೋಹಣ ಅಂದರೇನು ಎಂದು ಕೇಳಿದರು. ಅದು ಭಾಳ ದೊಡ್ಡ ಬ್ಯಾನಿ ಎಂದು ಮಾವನವರು ವಿವರಿಸಿದರು. ಸರಕು ಎಂದರೆ ಹೆಣ್ಣಿಗೆ ಒಯ್ಯುವ ಸೀರೆ, ಬಂಗಾರ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಆ ಗಂಭೀರ ಗ್ರಂಥದ ಭಾಷೆಯನ್ನು ನಮ್ಮ ಕಡೆ ಸರಕಾರ ಬಿಟ್ಟರೆ ಬೇರೆ ಯಾರು ಆಡುತ್ತಾರೆ?

ಅದು ಮಧ್ಯಾಹ್ನ ವೆಂಕಣ್ಣನವರು ಓದಿದ ಎಲೆಯ ಮಾತು. ಬನಶಂಕರಿಯಲ್ಲಿ ಹೆಣ್ಣಿನ ಕಡೆಯವರು ಅಡುಗೆಗೆ ಒಲೆ ಹೂಡಿರುತ್ತಾರೆ. ಮದುವೆ ನಿಂತರೆ ಆ ಹುಡುಗಿಯ ಗತಿ ಏನು? ಖರೆ ಹೇಳೋಣವೆಂದು ಕಟ್ಟೆಯ ತನಕ ಹೋದೆ. ಮಾವನವರ ಮುಖ ನೋಡಿದೆ. ಆಕಾಶದಲ್ಲಿ ಸೀರೆ ಮಾರುತ್ತಿದ್ದೆ ಎಂದು ಯಾವ ಬಾಯಿಂದ ಹೇಳುವುದು? ಆಫೀಸಿನಲ್ಲಿ ಏನೋ ಮರೆತು ಬಂದೆ ಎಂದು ಗೊಣಗಿ, ಬಂದ ದಾರಿಯಲ್ಲೇ ಓಡಿದೆ.

ಎಕ್ಸ್‌ಚೇಂಜಿನಿಂದ ಪಕ್ಕದ ಅಂಗಡಿಗೆ ಫೋನು ಮಾಡಿ ಮಾವನವರನ್ನು ಕರೆಸಿದೆ. ಕಪ್ತಾನಳ ದನಿ ತೆಗೆದೆ.

“ಬಾದಾಮಿಯಲ್ಲಿ ರೋಗ ಸಂಪೂರ್ಣವಾಗಿ ನಿವಾರಣೆಯಾಗಿದೆ. ತಾವು ನಿರ್ಭಯವಾಗಿ ಪ್ರಯಾಣಿಸಬಹುದು.”

ನಾನು ಎಂದೂ ಕೇಳಿರದ ಮೆತ್ತಗಿನ ದನಿಯಲ್ಲಿ ಮಾವನವರು ಕೇಳಿದರು: “ಬಾಯಾರ, ಮದಿವಿ ದಿಬ್ಬಣ ಐತ್ರಿ. ಸಣ್ಣ ಮಕ್ಕಳು, ಮುದುಕರು ಅದಾರ್ರಿ. ಕರಕೊಂಡ ಹೋದ್ರ ನಡೀತೈತೇನ್ರಿ?”

ಅಮ್ಮಾವರೇ ಎಂಬಂಥ ಆ “ಬಾಯಾರ” ಕೇಳಿ ನನಗೆ ತಲೆ ತಿರುಗಿತು. ಅಲ್ಲಿಗೇ ಫೋನು ಇಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಇಷ್ಟು ಮರ್ಯಾದೆ ಕೊಟ್ಟವರಿಗೆ ಇನ್ನೊಂದು ಮಾತು ಹೇಳದೆ ಹೇಗೆ ಬಿಡುವುದು? “ಹೋಗಬಹುದು. ಸೂಕ್ತ ಮುನ್ನೆಚ್ಚರಿಕೆ ವಹಿಸಿದರೆ ಒಳ್ಳೆಯದು” ಎಂದೆ.

ನಾನು ಓಡಿಬಂದು ಹತ್ತಿಕೊಂಡೆ, ಲಾರಿ ಹೊರಟಿತು. ಹುನಗುಂದ ಬಂದ ಕೂಡಲೇ ದವಾಖಾನೆಯ ಮುಂದೆ ನಿಂತಿತು. ಮಾವನವರು ಕೆಳಗಿಳಿದು, ಎಲ್ಲರೂ ಸೂಜಿ ಮಾಡಿಸಿಕೊಳ್ಳಬೇಕೆಂದೂ ಅದು ಸರಕಾರದ ಬಾಯಾರ ಹುಕುಮೆಂದೂ ಸಾರಿದರು. ಡಾಕ್ಟರು ಇಂಥ ಸುದ್ದಿ ತಮಗೆ ಬಂದಿಲ್ಲವೆಂದರು. ಬರುವುದರೊಳಗೆ ನಾವು ಸಾಯಬೇಕೇನು ಎಂದು ಮಾವನವರು ಕೇಳಿದರು. ಕಾಲರಾ ಲಸಿಕೆ ಇತ್ತು. ಅದನ್ನೇ ಚುಚ್ಚಲು ಶುರುಮಾಡಿದರು. ಮದುಮಗನಿಗೆ ಮೊದಲು, ಎಲ್ಲರಿಗೂ ಬಲತೋಳಿಗೆ. ನನಗೆ ಬೇಡವೆಂದು ಹಿಂದೆ ಸರಿದೆ. “ನೀ ದಿನಾ ಬಾದಾಮಿಯವರ ಕೂಡ ಮಾತಾಡಾಕಿ, ನಿನಗ ಮೊದಲ ಹಾಕಬೇಕು” ಎಂದು ಅತ್ತೆ ನನ್ನ ತೋಳು ಹಿಡಿದು ಮುಂದೆ ನೂಕಿದರು.

ಲಾರಿ ತುಂಬ ಮಂದಿ ಸೂಜಿ ಮಾಡಿಸಿಕೊಳ್ಳುವುದನ್ನು ಕಂಡು ಹುನಗುಂದದವರೂ ಸಾಲು ನಿಂತರು. ಆ ಸಾಲಿನಲ್ಲಿ ಅಂಗಿಯ ತೋಳು ಮಡಚಿಕೊಂಡ ಒಬ್ಬ ತರುಣ ಯಾರಿಗೋ ಬಾದಾಮಿಯ ಬ್ಯಾನಿಯ ಬಗ್ಗೆ ಹೇಳುತ್ತಿದ್ದ. ದನಿ ಕೇಳಿ ನಾನು ಗುರುತು ಹಿಡಿದೆ. ಹತ್ತಿರ ಹೋಗಿ ಮೆಲ್ಲಗೆ, “ಹುನಗುಂದ ನೌಕೆಯ ಕಪ್ತಾನರೇ” ಎಂದೆ. ಸಂಗಪ್ಪ ತಿರುಗಿ ನೋಡಿದ. ಮೊದಲು ನಕ್ಕ. ಆಮೇಲೆ ನನ್ನ ತೋಳಿನ ಹತ್ತಿ ನೋಡಿದ, ಲಾರಿ ನೋಡಿದ.

“ಅಕ್ಕಾರ,” ಎಂದ. “ಈ ಬ್ಯಾನಿ ಆ ಬ್ಯಾನೀನಾ?”

ನಾನು ಹೌದೆಂದು ತಲೆ ಆಡಿಸಿದೆ. ಅವನು ಸಾಲು ಬಿಡಲು ಹೊರಟ. ಅಷ್ಟರಲ್ಲಿ ಕಂಪೌಂಡರ್ ಅವನ ತೋಳು ಹಿಡಿದಾಗಿತ್ತು.

ಬೆಳಗಾಗುವುದರೊಳಗೆ ನಮ್ಮ ದಿಬ್ಬಣದ ಬಲತೋಳುಗಳೆಲ್ಲ ಬಾತಿದ್ದವು. ಅರ್ಧ ಮಂದಿಗೆ ಜ್ವರ. ಮದುವೆಯಲ್ಲಿ ಮೊದಲ ಸಲ ಅಕ್ಕಿಕಾಳು ಹಾಕುವ ಹೊತ್ತಿಗೆ ಗಂಡಿನ ಕಡೆಯವರೆಲ್ಲ ಒಟ್ಟಾಗಿ ಎಡಗೈ ಎತ್ತಿದರು. ವಾದ್ಯ ನಿಂತಿತು. ಹೆಣ್ಣಿನ ತಂದೆ ಮಾವನವರ ಮುಂದೆ ಬಂದು ನಿಂತರು. ಅವರ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

“ನಮ್ಮ ಹೆಣ್ಣ ಬ್ಯಾಡಾಗಿದ್ರ ಬಾಯಿಲೆ ಹೇಳಬೇಕಿತ್ತು. ಎಡಗೈಲೆ ಅಕ್ಕಿ ಯಾಕ ಹಾಕ್ತೀರಿ?”

ಮಾವನವರು ಬಾತ ತೋಳು ತೋರಿಸಿ, ಸರಕಾರದ ಫೋನಿನ ಕಥೆಯನ್ನೆಲ್ಲ ಹೇಳಿದರು. ತಮ್ಮೂರಿನಲ್ಲಿ ರೋಗ ಎಂದದ್ದು ಬೀಗರಿಗೆ ಎಡಗೈಗಿಂತ ದೊಡ್ಡ ಅವಮಾನವಾಯಿತು. ಇದು ಸುಳ್ಳೆಂದು ಅವರು, ಖರೆಯೆಂದು ಇವರು. ಹಸೆಯ ಮೇಲೆ ಕೂತ ಹುಡುಗಿ ತಲೆ ತಗ್ಗಿಸಿ ಬಾಸಿಂಗದ ದಾರ ಹಿಂಡುತ್ತಿದ್ದಳು. ಇನ್ನು ಎದ್ದು ಹೇಳಿಬಿಡುವುದೇ ಸರಿ ಎಂದು ನಾನು ಎದ್ದೆ.

ಆಗ ಹೆಣ್ಣಿನ ತಂದೆ, “ನಮ್ಮೂರ ಟೆಲಿಫೋನಿನವರ ಇಲ್ಲೇ ಅದಾರ. ಅವರನ್ನ ಕೇಳೂಣು” ಎಂದು ಅತಿಥಿಗಳ ಕಡೆ ಕೈ ತೋರಿಸಿದರು. ವೆಂಕಣ್ಣನವರ ತುಂಬುಗಂಟಲಿಗೆ ನಾನು ಎತ್ತರದ, ಮೀಸೆಯ ಗಂಡಸೊಬ್ಬನನ್ನು ಕಲ್ಪಿಸಿಕೊಂಡಿದ್ದೆ. ಎದ್ದು ನಿಂತವರು ಗುಬ್ಬಿಯಂಥ ಬೋಳುತಲೆಯ ಮನುಷ್ಯ. ಮಾವನವರು ಮತ್ತೊಮ್ಮೆ “ಅವರೋಹಣ ನಿಷಿದ್ಧ” ಎಂದು ಅಕ್ಷರ ಬಿಡದೆ ಹೇಳಿದರು. ವೆಂಕಣ್ಣನವರ ಮುಖ ಬೂದಿಯಾಯಿತು. ಅವರು ಮಂಟಪವನ್ನೆಲ್ಲ ಕಣ್ಣಲ್ಲಿ ಹುಡುಕಿ, ಎದ್ದು ನಿಂತಿದ್ದ ನನ್ನ ಮೇಲೆ ದೃಷ್ಟಿ ನಿಲ್ಲಿಸಿದರು. ನಾನು ಕೈ ಮುಗಿದೆ.

“ಹೂನ್ರೀಪಾ,” ಎಂದರು, ತಮ್ಮದಲ್ಲದ ಕೀಚು ದನಿಯಲ್ಲಿ. “ಅಂಥಾದೊಂದು ಸುದ್ದಿ ಬಂದಿದ್ದು ಖರೆ. ಮ್ಯಾಲಿಂದ ಬಂದಿತ್ರಿ. ಭಾಳ ಮ್ಯಾಲಿಂದ. ಆಮ್ಯಾಲ ತಪ್ಪಂತ ಗೊತ್ತಾತ್ರಿ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಾವನವರ ಮಾತೂ ಉಳಿಯಿತು, ಬಾದಾಮಿಯ ಮಾನವೂ ಉಳಿಯಿತು. ವಾದ್ಯ ಮತ್ತೆ ಶುರುವಾಯಿತು. ಮದುಮಗನ ಕೈ ಮೇಲೇಳದಾಗ ಹುಡುಗಿಯೇ ತಲೆ ಬಗ್ಗಿಸಿ ಬಗ್ಗಿಸಿ ತಾಳಿಯ ಹತ್ತಿರ ಬಂದಳು. ಬಗ್ಗಿದಲ್ಲೇ ಅವಳು ನಕ್ಕದ್ದನ್ನು ಕಂಡಾಗ ನನಗೆ ಉಸಿರು ಬಂತು.

ಆಟ ಅಲ್ಲಿಗೆ ನಿಂತಿತು. ಯಾರೂ ನಿಲ್ಲಿಸೋಣವೆಂದು ಹೇಳಲಿಲ್ಲ. ಮಧ್ಯಾಹ್ನ ಲೈನು ಖಾಲಿಯಾದರೆ ವಿಮಲಾಬಾಯಿ “ಊಟ ಆತೇನ್ರಿ?” ಎಂದು ಕೇಳುತ್ತಿದ್ದರು, ಅಷ್ಟೇ. ನನ್ನ ಗಂಡನಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವರು ತೋಳು ಉಜ್ಜಿಕೊಂಡು, ಸೂಜಿ ನೋವು ಇನ್ನೂ ಹೋಗಿಲ್ಲ ಎಂದರು.

ಮಾವನವರಿಗೆ ಕೊನೆಯತನಕ ಗೊತ್ತಾಗಲಿಲ್ಲ. ಮನೆಗೆ ಬಂದವರಿಗೆಲ್ಲ ಅವರು ಆ ಸರಕಾರದ ಬಾಯಾರ ಸುದ್ದಿ ಹೇಳುತ್ತಿದ್ದರು. ಎಂಥ ತಿಳಿವಳಿಕೆ, ಎಂಥ ಮಾತು, ಅವರು ಫೋನು ಮಾಡದಿದ್ದರೆ ಮಹಾಂತೇಶನ ಮದುವೆಯೇ ಆಗುತ್ತಿರಲಿಲ್ಲ ಎಂದು ಕೊಂಡಾಡುತ್ತಿದ್ದರು. ಒಮ್ಮೆ ಚಹಾ ತಂದಿಟ್ಟ ನನ್ನನ್ನು ನಿಲ್ಲಿಸಿ, ಮೊದಲ ಬಾರಿಗೆ ಮುಖ ನೋಡಿ ಮಾತಾಡಿದರು.

“ಶಾಂತವ್ವ, ನೀನೂ ಟೆಲಿಫೋನಿನ್ಯಾಗ ಕೂಡ್ತಿ. ಆ ಬಾಯಾರ ಹಂಗ ನಾಕ ಮಾತು ಚಂದಾಗಿ ಆಡೂದು ಯಾವಾಗ ಕಲೀತಿ?”

ನನ್ನ ಗಂಡ ಕೆಮ್ಮುತ್ತ ಎದ್ದು ಹೊರಗೆ ಹೋದರು.

“ಕಲೀತೇನ್ರಿ ಮಾವಾರ” ಎಂದೆ. ಸಕ್ಕರೆ ಕಡಿಮೆಯಾಗಿದೆ ಎಂದರು. ತರಲು ಒಳಗೆ ಹೋದೆ.